ಅಪ್ಪನ ತೋಟ, ಮಗನ ಮುಪ್ಪು



ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನನದ ಹಬ್ಬ. ನಮ್ಮ ಮಲೆನಾಡಿನ ಮನೆಗಳಲ್ಲಿ ಅದು ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ದೇವಾಲಯದಲ್ಲಿ ಆಶೀರ್ವದಿಸಿಕೊಟ್ಟ ಭತ್ತದ ತೆನೆಯನ್ನು ಮನೆಯ ಹಿರಿಯರು ಒಯ್ದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಬೆಂಗಳೂರಿನಿಂದ, ಮುಂಬಯಿಯಿಂದ, ಕೊಲ್ಲಿ ದೇಶಗಳಿಂದ ಮಕ್ಕಳು ಬರುತ್ತಾರೆ. ಬಾಳೆಎಲೆಯ ಊಟವಾಗುತ್ತದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತಾಗ, ಎಲೆ ಅಡಿಕೆಯ ತಟ್ಟೆಯ ಸುತ್ತ, ಇನ್ನೊಂದು ಮಾತು ಮೆಲ್ಲಗೆ ಶುರುವಾಗುತ್ತದೆ. ಅದು ಪಾಲಿನ ಮಾತು.

ಹಬ್ಬದ ಮನೆಗಳಿಗೆ ಭೇಟಿ ಕೊಡುವ ನಮಗೆ ಈ ಮಾತು ಹೊಸದಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಅದೇ ಜಗಲಿಯಲ್ಲಿ ಮತ್ತೊಂದು ಮಾತನ್ನೂ ಕೇಳುತ್ತಿದ್ದೇವೆ. ನಮ್ಮ ಧರ್ಮಕೇಂದ್ರದಲ್ಲಿ ಹುಟ್ಟಿ ಬೆಳೆದು, ಈಗ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ದುಡಿಯುವ ಒಬ್ಬ ಸಹೋದರನನ್ನು ನೆನೆಯೋಣ. ವಯಸ್ಸು 52. ಮಗಳ ಮದುವೆಗೆಂದು ಭವಿಷ್ಯನಿಧಿಯ ಹಣದಲ್ಲಿ ಬಹುಪಾಲು ತೆಗೆದಿದ್ದಾನೆ. ಇರುವುದು ಭೋಗ್ಯದ ಮನೆ. ಪಿಂಚಣಿ ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. “ನಿವೃತ್ತಿಯಾದ ಮೇಲೆ ಏನು ಯೋಚನೆ ಮಾಡಿದ್ದೀರಿ?” ಎಂದು ನಾವು ಕೇಳಿದೆವು. ಅವನು ನಕ್ಕು, “ನನಗೇನು ಫಾದರ್, ಊರಲ್ಲಿ ಅಪ್ಪನ ತೋಟ ಇದೆಯಲ್ಲ” ಎಂದ. ಅಪ್ಪನಿಗೆ ಆಗ 84. ಅವರು ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಆ ಹಿರಿಯರ ಮುಖವನ್ನು ನಾವು ನೋಡಿದೆವು. ಅವರು ಏನನ್ನೂ ಹೇಳಲಿಲ್ಲ. ಮಗನೇನೂ ಕೆಟ್ಟವನಲ್ಲ, ತಂದೆಯನ್ನು ಪ್ರೀತಿಸುವವನೇ. ಆದರೂ ಅವನ ಮಾತಿನ ಒಳಗೆ ಅವನಿಗೇ ತಿಳಿಯದ ಒಂದು ಲೆಕ್ಕ ಅಡಗಿತ್ತು. ತನ್ನ ಮುಪ್ಪು ನೆಮ್ಮದಿಯಿಂದ ಕಳೆಯಬೇಕಾದರೆ ತಂದೆ ಒಂದು ಹದವಾದ ಸಮಯಕ್ಕೆ ತೀರಿಕೊಳ್ಳಬೇಕು ಎಂಬುದೇ ಆ ಲೆಕ್ಕ. ಇಷ್ಟು ಬಿಚ್ಚಿ ಹೇಳಿದರೆ ಯಾರಿಗೂ ಸಹಿಸುವುದಿಲ್ಲ. ಹೇಳದೆ ಇಟ್ಟುಕೊಂಡೇ ನಮ್ಮಲ್ಲಿ ಎಷ್ಟೋ ಮಂದಿ ಬದುಕುತ್ತಿದ್ದೇವೆ.

ಸಂತ ಲೂಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಕಣಜ ಕೆಡವಿ ದೊಡ್ಡದಾಗಿ ಕಟ್ಟಲು ಹೊರಟ ಧನಿಕನ ಸಾಮತಿ ಇದೆ. ನಾವು ಗುರುಗಳು ಅದರ ಮೇಲೆ ಬಹಳ ಪ್ರಬೋಧನೆ ಮಾಡಿದ್ದೇವೆ. ಆದರೆ ಸಾಮತಿ ಹುಟ್ಟಿದ್ದು ಯಾವ ಸಂದರ್ಭದಲ್ಲಿ ಎಂಬುದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಜನಜಂಗುಳಿಯ ನಡುವೆ ಒಬ್ಬ ಮನುಷ್ಯ ಎದ್ದು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವನ್ನು ತೀರಿಸಿಕೊಡಬೇಕೆಂದು ಯೇಸುಸ್ವಾಮಿಯನ್ನು ಕೇಳುತ್ತಾನೆ. ಯೇಸು ಆ ಪಂಚಾಯಿತಿಗೆ ಒಪ್ಪುವುದಿಲ್ಲ. ಆಮೇಲೆ ಆ ಮನುಷ್ಯ ಏನಾದ ಎಂದು ಲೂಕನು ಬರೆಯುವುದಿಲ್ಲ. ಅವನಿಗೆ ಪಾಲು ಸಿಕ್ಕಿತೋ ಇಲ್ಲವೋ, ಅದಿಲ್ಲದೆ ಬದುಕಲು ಅವನ ಬಳಿ ಬೇರೆ ಏನಾದರೂ ಇತ್ತೋ ಇಲ್ಲವೋ. ನಮ್ಮ ಕಚೇರಿಗೆ ಬಂದು ಕುಳಿತುಕೊಳ್ಳುವವರಲ್ಲಿ ಆ ಮನುಷ್ಯನನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಪಾಲಿನ ವಿಷಯದಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಮೊದಲು ಅರಿಯಬೇಕಾದ ಒಂದು ಸಂಗತಿ ಇದೆ. ಸುತ್ತಮುತ್ತಲಿನವರ ಮಾತು ಕೇಳಿ ಕೇಳಿ ನಾವೂ “ಪಿತ್ರಾರ್ಜಿತ” ಎಂಬ ಮಾತನ್ನು ಬಳಸುತ್ತೇವೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಉಂಟು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಉಂಟು. ಆದರೆ ನಾವು ಕ್ರೈಸ್ತರು ಒಳಪಡುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ. ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕು ಎಂಬುದೇ ಇಲ್ಲ. ತೋಟವನ್ನು ಅಪ್ಪ ಸ್ವಂತ ದುಡಿಮೆಯಿಂದ ಮಾಡಿರಲಿ, ಅಜ್ಜನಿಂದ ಅವರ ಪಾಲಿಗೆ ಬಂದಿರಲಿ, ಅವರು ಬದುಕಿರುವಷ್ಟು ಕಾಲ ಅದು ಅವರದು, ಪೂರ್ತಿ ಅವರದು. ಅವರು ಮಾರಬಹುದು, ಅಡವಿಡಬಹುದು, ದಾನ ಕೊಡಬಹುದು. ಮರಣಶಾಸನ ಅಂದರೆ ವಿಲ್ ಬರೆದು ಒಬ್ಬ ಮಗಳಿಗೆ ಮಾತ್ರ ಬಿಡಬಹುದು, ತಮ್ಮನ್ನು ನೋಡಿಕೊಂಡ ನೆರೆಯವನಿಗೂ ಬಿಡಬಹುದು. ಮಕ್ಕಳಿಗೆ ಇಷ್ಟಾದರೂ ಕೊಡಲೇಬೇಕು ಎಂದು ನಮ್ಮ ಕಾನೂನು ಹೇಳುವುದಿಲ್ಲ. ದುಂದುಗಾರ ಮಗನ ಸಾಮತಿಯಲ್ಲಿ ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳಿದ, ತಂದೆ ಕೊಟ್ಟರು. ಅದು ಆ ತಂದೆಯ ಔದಾರ್ಯ. ಇಂದು ನಮ್ಮ ಮನೆಯ ಕಿರಿಯ ಮಗ ಹಾಗೆ ಕೇಳಿ ನ್ಯಾಯಾಲಯಕ್ಕೆ ಹೋದರೆ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ವಿಲ್ ಬರೆಯದೆ ತಂದೆ ತೀರಿಕೊಂಡರೆ ಏನಾಗುತ್ತದೆ? ಆಗ ಕಾನೂನೇ ಪಾಲು ಹಾಕುತ್ತದೆ. ಮೂರರಲ್ಲಿ ಒಂದು ಭಾಗ ತಾಯಿಗೆ. ಉಳಿದ ಎರಡು ಭಾಗ ಮಕ್ಕಳೆಲ್ಲರಿಗೂ ಸಮನಾಗಿ, ಗಂಡು ಹೆಣ್ಣು ಎಂಬ ಭೇದವಿಲ್ಲದೆ. ಒಂದು ಉದಾಹರಣೆ ನೋಡೋಣ. ಮನೆ, ತೋಟ ಎಲ್ಲ ಸೇರಿ 54 ಲಕ್ಷ ರೂಪಾಯಿ ಬೆಲೆ ಎಂದುಕೊಳ್ಳೋಣ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತಾಯಿಗೆ 18 ಲಕ್ಷ, ಮೂವರು ಮಕ್ಕಳಿಗೆ ತಲಾ 12 ಲಕ್ಷ. ಜಗಲಿಯಲ್ಲಿ ಕುಳಿತ ಮಗನ ಮನಸ್ಸಿನಲ್ಲಿ ಇದ್ದದ್ದು 54 ಲಕ್ಷ. “ತಂಗಿಯರಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ ಫಾದರ್, ಅವರು ಸಹಿ ಹಾಕಿಬಿಡುತ್ತಾರೆ” ಎನ್ನುತ್ತಾರೆ. ಹಾಕಬಹುದು. ಮದುವೆಗೆ ಖರ್ಚು ಮಾಡಿದ್ದರಿಂದ ಹೆಣ್ಣುಮಗಳ ಪಾಲು ಕಾನೂನಿನಲ್ಲಿ ಕರಗುವುದಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಅವಳ ಇಚ್ಛೆ. ಆ ತಂಗಿಗೂ ಒಂದು ಮುಪ್ಪು ಇದೆ ಎಂಬುದನ್ನು ಅಣ್ಣಂದಿರು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾವು ಅಪರೂಪಕ್ಕೆ ಕಂಡಿದ್ದೇವೆ.

ಇಲ್ಲಿ ನಮ್ಮ ಮನೆಯ ವಿಷಯವನ್ನೇ ಹೇಳಿದರೆ ತಪ್ಪಾಗಲಾರದು. ನಮ್ಮ ತಂದೆ 2013ರಲ್ಲಿ ದೈವಾಧೀನರಾದರು. ವಿಲ್ ಬರೆದಿರಲಿಲ್ಲ. ನಾವು ನಾಲ್ವರು ಮಕ್ಕಳು. ಧರ್ಮಪ್ರಾಂತ್ಯದ ಗುರುಗಳು ವಿಧೇಯತೆಯ, ಬ್ರಹ್ಮಚರ್ಯದ ಮಾತು ಕೊಡುತ್ತಾರೆಯೇ ಹೊರತು ಧಾರ್ಮಿಕ ಸಭೆಗಳವರಂತೆ ಬಡತನದ ವ್ರತ ತೊಡುವುದಿಲ್ಲ. ಆದುದರಿಂದ ನಮಗೂ ಪಾಲು ಇತ್ತು. ಆದರೆ ದೊಡ್ಡಣ್ಣನವರು ಎಷ್ಟೋ ವರ್ಷಗಳ ಹಿಂದೆಯೇ “ಫಾದರ್ ಆದವನಿಗೆ ಆಸ್ತಿ ಯಾತಕ್ಕೆ?” ಎಂದು ನಮ್ಮ ಪಾಲನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ನಮ್ಮನ್ನು ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆವು, ಆ ಮಾತು ಬೇರೆ. ಅಕ್ಕ ಸಹಿ ಹಾಕುತ್ತಾಳೆ ಎಂದುಕೊಂಡಿದ್ದರು. ಅಮ್ಮ ತಮ್ಮ ಜೊತೆ ಪಟ್ಟಣಕ್ಕೆ ಬಂದು ಇರುತ್ತಾರೆ, ಮನೆ ಮಾರಬಹುದು ಎಂದುಕೊಂಡಿದ್ದರು. ಈ ಮೂರು ಅಂದುಕೊಳ್ಳುವಿಕೆಗಳ ಮೇಲೆ ಅವರ ನಿವೃತ್ತಿ ಜೀವನದ ಮನೆ ನಿಂತಿತ್ತು. ಸಂಬಳ ಬರುತ್ತಿದ್ದಾಗ ಎಲ್ಲವೂ ಮಕ್ಕಳ ಓದಿಗೆ, ವಾಹನದ ಸಾಲಕ್ಕೆ ಹೋಯಿತು. ಬ್ಯಾಂಕಿನಲ್ಲಿ ಏನೂ ಉಳಿಯಲಿಲ್ಲ.

ಅಮ್ಮ ಬರಲಿಲ್ಲ. ಮದುವೆಯಾಗಿ ಬಂದ ಮನೆ, ನಾಲ್ಕು ಮಕ್ಕಳನ್ನು ಹೆತ್ತ ಮನೆ, ಹೊಲದಂಚಿನಲ್ಲಿ ತಾವೇ ನೆಟ್ಟ ಹಲಸಿನ ಮರ. “ನಾನು ಇಲ್ಲಿಂದಲೇ ಸಿಮೆಟ್ರಿಗೆ ಹೋಗೋದು” ಎಂದು ಒಂದೇ ಮಾತಿನಲ್ಲಿ ತೀರಿಸಿದರು. ಅವರಿಗೆ ಈಗ 82 ದಾಟಿದೆ. ದೇವರ ದಯೆಯಿಂದ ಆರೋಗ್ಯವಾಗಿದ್ದಾರೆ, ಕೋಳಿಗಳನ್ನು ಸಾಕುತ್ತಾರೆ. ದೊಡ್ಡಣ್ಣ ನಿವೃತ್ತರಾಗಿ ಎರಡು ವರ್ಷವಾಯಿತು. ಈಗ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಹಬ್ಬಕ್ಕೆ ಬಂದಾಗ ಅಮ್ಮನ ಕೆಮ್ಮು ಕೇಳಿ “ಡಾಕ್ಟರ ಹತ್ತಿರ ಹೋಗೋಣ” ಎಂದು ಮೊದಲು ಎದ್ದವರು ಅವರೇ. ಎದ್ದವರು ನಮ್ಮ ಕಡೆಗೊಮ್ಮೆ ನೋಡಿದರು. ಆ ನೋಟದಲ್ಲಿ ಎಷ್ಟು ನಾಚಿಕೆ ಇತ್ತೆಂದರೆ, ನಾವು ಏನೂ ಅರಿಯದವರಂತೆ ಕೋಳಿಗಳಿಗೆ ಅಕ್ಕಿ ಹಾಕಲು ಅಂಗಳಕ್ಕೆ ಇಳಿದೆವು. ತಾಯಿಯನ್ನು ಇಷ್ಟು ಪ್ರೀತಿಸುವ ಮನುಷ್ಯನಿಗೆ ಹಾಗೆ ನಾಚಿಕೊಳ್ಳುವ ಸ್ಥಿತಿ ಬರಬಾರದಿತ್ತು.

ಹಿಂದಿನ ಕಾಲದಲ್ಲಿ ತಂದೆತಾಯಿ 60, 65ರ ಆಸುಪಾಸಿನಲ್ಲಿ ಹೋಗುತ್ತಿದ್ದರು. ಮಗನಿಗೆ 35, 40ರಲ್ಲಿ ಪಾಲು ಕೈಗೆ ಬರುತ್ತಿತ್ತು. ಅದನ್ನು ಉತ್ತು ಬೆಳೆಯಲು ಮೈಯಲ್ಲಿ ಶಕ್ತಿಯೂ ಇರುತ್ತಿತ್ತು. ಈಗ ನಮ್ಮ ಧರ್ಮಕೇಂದ್ರದಲ್ಲೇ 85 ದಾಟಿದವರಿಗೆ ಮನೆಗೆ ಕ್ರಿಸ್ತಪ್ರಸಾದ ಒಯ್ಯುವುದು ಪ್ರತಿ ತಿಂಗಳ ಮೊದಲ ಶುಕ್ರವಾರದ ದೊಡ್ಡ ಕೆಲಸ. ಇದು ದೇವರ ಕೃಪೆ. ಆದರೆ ತಂದೆ 88ಕ್ಕೆ ಹೋದರೆ ಮಗ 60ರ ಮೇಲೆ ಇರುತ್ತಾನೆ. ಅಲ್ಲಿಯತನಕ ಆ ಆಸ್ತಿ ಮೊದಲು ಸಾಕಬೇಕಾದದ್ದು ತನ್ನ ಒಡೆಯನನ್ನೇ. ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆ, ಹೃದಯಕ್ಕೆ ಸ್ಟೆಂಟ್, ವಾರಕ್ಕೆರಡು ಸಲ ಡಯಾಲಿಸಿಸ್, ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಒಬ್ಬರು. ಒಂದು ಎಕರೆ ಮಾರಿ ಆಸ್ಪತ್ರೆಗೆ ಕಟ್ಟಿದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಹಾಗೆ ಮಾರಿದ್ದು ನ್ಯಾಯವೇ ಆಗಿದೆ. ದುಡಿದವರ ನೋವು ನೀಗಲು ಅವರ ಭೂಮಿ ಖರ್ಚಾಗದೆ ಇನ್ನಾರಿಗೆ ಖರ್ಚಾಗಬೇಕು?

ಮಲೆನಾಡಿನವರಾದ ನಮಗೆ ಇನ್ನೊಂದು ತೊಡಕೂ ಇದೆ. “ಹತ್ತು ಎಕರೆ ಇದೆ” ಎನ್ನುತ್ತೇವೆ. ಪಹಣಿ ತೆಗೆಸಿ ನೋಡಿದರೆ ಮೂರು ಎಕರೆ ಅಜ್ಜನ ಹೆಸರಿನಲ್ಲಿ, ಅಜ್ಜನ ಮರಣದ ನಂತರದ ಪವತಿ ಖಾತೆಯನ್ನೇ ಮಾಡಿಸಿಲ್ಲ. ಚಿಕ್ಕಪ್ಪ, ಸೋದರತ್ತೆಯರ ಮಕ್ಕಳಿಗೆಲ್ಲ ಅದರಲ್ಲಿ ಹಕ್ಕು. ಉಳಿದ ಏಳು ಎಕರೆ ಬಗರ್ ಹುಕುಂ ಸಾಗುವಳಿ. ಅರ್ಜಿ ಹಾಕಿ ವರ್ಷಗಳಾದವು, ಹಕ್ಕುಪತ್ರ ಬಂದಿಲ್ಲ. ದಾಖಲೆಯಿಲ್ಲದ ನೆಲವನ್ನು ಉಣ್ಣಬಹುದು, ಮಾರಲಾಗದು, ಬ್ಯಾಂಕಿನಲ್ಲಿ ಅಡವಿಡಲಾಗದು. ಮಂಜೂರಾದ ಜಮೀನಾದರೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಇನ್ನು ಬೆಳೆಯ ಮಾತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ತೋಟಕ್ಕೆ ಹಾಕಿದ ಬೆಲೆಯನ್ನೇ ಮನಸ್ಸು ಹಿಡಿದುಕೊಳ್ಳುತ್ತದೆ. ಎಲೆಚುಕ್ಕಿ ರೋಗ ಹಬ್ಬಿದ ತೋಟಗಳನ್ನು ಈಚಿನ ವರ್ಷಗಳಲ್ಲಿ ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಹಳದಿ ಎಲೆ ರೋಗದ ಸಂಕಟವನ್ನು ಶೃಂಗೇರಿ, ಕೊಪ್ಪದ ಕಡೆಯವರನ್ನು ಕೇಳಿದರೆ ಹೇಳುತ್ತಾರೆ.

ಬ್ಯಾಂಕಿನ ಠೇವಣಿಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. “ಅಪ್ಪ ನನ್ನನ್ನೇ ನಾಮಿನಿ ಮಾಡಿದ್ದಾರೆ” ಎಂದು ಒಬ್ಬ ಮಗ ನಿಶ್ಚಿಂತೆಯಿಂದಿರುತ್ತಾನೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳಲು ಹೆಸರಿಸಲ್ಪಟ್ಟವನು. ಪಡೆದ ಹಣ ವಿಲ್ ಪ್ರಕಾರ, ವಿಲ್ ಇಲ್ಲದಿದ್ದರೆ ಮೇಲೆ ಹೇಳಿದ ಪಾಲಿನ ಪ್ರಕಾರ, ವಾರಸುದಾರರಿಗೆಲ್ಲ ಸಲ್ಲಬೇಕು.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ನಾವು ಹಣಕಾಸಿನ ಪಂಡಿತರಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿಸಿದರೇ ಹೊರತು ಚಕ್ರಬಡ್ಡಿಯನ್ನಲ್ಲ. ಆದರೂ ಧರ್ಮಕೇಂದ್ರದ ಲೆಕ್ಕಪುಸ್ತಕ ಬರೆದು ಬರೆದು ಇಷ್ಟು ಕಲಿತಿದ್ದೇವೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಇಂದು 20,000 ರೂಪಾಯಿಯಲ್ಲಿ ನಡೆಯುವ ಮನೆಗೆ 12 ವರ್ಷದಲ್ಲಿ 40,000 ಬೇಕು, 24 ವರ್ಷದಲ್ಲಿ 80,000. ಇನ್ನೊಂದು ಕಡೆ, 35ನೆಯ ವಯಸ್ಸಿನಿಂದ ತಿಂಗಳಿಗೆ 3,000 ರೂಪಾಯಿಯಂತೆ 60ರವರೆಗೆ ಕಟ್ಟಿದರೆ, ನೂರಕ್ಕೆ ಎಂಟರ ಬೆಳವಣಿಗೆ ಸಿಕ್ಕಿತೆಂದು ಇಟ್ಟುಕೊಂಡರೆ, ಕಟ್ಟಿದ 9 ಲಕ್ಷ ಸುಮಾರು 28 ಲಕ್ಷವಾಗುತ್ತದೆ. ಅದೇ 3,000ವನ್ನು 50ರಲ್ಲಿ ಆರಂಭಿಸಿದರೆ 60ಕ್ಕೆ ಕೈಗೆ ಬರುವುದು ಸುಮಾರು ಐದೂವರೆ ಲಕ್ಷ. ಪಾಲು ಬರುತ್ತದೆಂದು ಕಾಯುತ್ತ ಕಳೆದ ಹದಿನೈದು ವರ್ಷಗಳ ನಿಜವಾದ ಬೆಲೆ ಅದು. ಈ ಮೊತ್ತ ನಮ್ಮ ಉದಾಹರಣೆಯ ಮಗನ 12 ಲಕ್ಷದ ಪಾಲಿನ ಎರಡು ಪಟ್ಟಿಗೆ ಹತ್ತಿರ ಎಂಬುದನ್ನು ಗಮನಿಸಿ.

ದಾರಿಗಳೇನೂ ಗುಟ್ಟಿನವಲ್ಲ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದಾದ ಸಾರ್ವಜನಿಕ ಭವಿಷ್ಯನಿಧಿ ಖಾತೆಗೆ ಹದಿನೈದು ವರ್ಷದ ಅವಧಿ, ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2009ರಿಂದ ಎಲ್ಲ ನಾಗರಿಕರಿಗೂ ತೆರೆದಿದೆ. ಕೂಲಿ ಮಾಡುವವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ, ಮನೆಗೆಲಸಕ್ಕೆ ಹೋಗುವ ತಾಯಂದಿರಿಗೆ 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆ ಇದೆ. 18ರಿಂದ 40 ವಯಸ್ಸಿನವರು ಸೇರಬಹುದು. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರನ್ನು ಮಾತ್ರ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. 60ರ ನಂತರ ತಿಂಗಳಿಗೆ 5,000 ರೂಪಾಯಿ ಪಿಂಚಣಿ ಬೇಕೆನ್ನುವವನು 18ರಲ್ಲಿ ಸೇರಿದರೆ ತಿಂಗಳಿಗೆ 210 ರೂಪಾಯಿ ಕಟ್ಟಬೇಕು. 40ರಲ್ಲಿ ಸೇರಿದರೆ 1,454 ರೂಪಾಯಿ. ದೃಢೀಕರಣ ಸಂಸ್ಕಾರ ಪಡೆದು ಒಂದೆರಡು ವರ್ಷವಾದ ನಮ್ಮ ಯುವಕರು ಈ ಎರಡು ಅಂಕಿಗಳನ್ನು ಒಮ್ಮೆ ಅಕ್ಕಪಕ್ಕ ಬರೆದು ನೋಡಲಿ. ಕೆಲಸ ಬದಲಿಸಿದಾಗಲೆಲ್ಲ ಭವಿಷ್ಯನಿಧಿಯನ್ನು ಬಿಡಿಸಿಕೊಂಡು ಮೊಬೈಲು, ಬೈಕು ಕೊಳ್ಳುವ ಚಟವೊಂದು ಬೆಳೆದಿದೆ. ಅದರ ಬಗ್ಗೆ ನಮಗೆ ಬಹಳ ಸಿಟ್ಟಿದೆ, ಇಲ್ಲಿ ಬರೆಯುವುದಿಲ್ಲ.

ಹಿರಿಯರಿಗೂ ಎರಡು ಮಾತು. ಮಕ್ಕಳ ಮನಸ್ಸಿನ ಲೆಕ್ಕ ತಪ್ಪಾಗದಿರಬೇಕಾದರೆ ನಿಮ್ಮ ಮನಸ್ಸಿನಲ್ಲಿರುವುದನ್ನು ನೀವು ಹೇಳಬೇಕು. ವಿಲ್ ಬರೆಯಲು ಛಾಪಾ ಕಾಗದ ಕಡ್ಡಾಯವಲ್ಲ. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನೀವು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಯಾರಿಗೆ ಆಸ್ತಿ ಬರೆಯುತ್ತೀರೋ ಅವರನ್ನಾಗಲಿ, ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ, ಅವರಿಗೆ ಬರೆದದ್ದು ನಿಲ್ಲುವುದಿಲ್ಲ. ಬರೆದ ವಿಲ್ಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಪತ್ನಿ ತೀರಿಕೊಂಡ ಮೇಲೆ ಮರುಮದುವೆಯಾದವರು ಗಮನಿಸಿ: ನಮ್ಮ ಕಾನೂನಿನಲ್ಲಿ ಮದುವೆಯಾದ ಕೂಡಲೇ ಹಳೆಯ ವಿಲ್ ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು.

ಮಗ ಕೇಳಿದನೆಂದು, ಸೊಸೆ ಮುನಿದಳೆಂದು, ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರ ಮಾಡಿಕೊಟ್ಟು ಬರಿಗೈಯಾಗಬೇಡಿ. ಕೊಡಲೇಬೇಕಾದರೆ, ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಅಂಥ ಷರತ್ತು ಇದ್ದು ಮಕ್ಕಳು ಕೈಬಿಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಆ ಪತ್ರವನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಇಂಥ ಅರ್ಜಿ ಬರೆದುಕೊಡಿ ಎಂದು ಕಣ್ಣೀರಿಟ್ಟು ಬಂದ ಒಬ್ಬ ತಾಯಿಯ ಎದುರು ನಾವು ಕುಳಿತಿದ್ದೇವೆ. ಅವರ ಪತ್ರದಲ್ಲಿ ಆ ಒಂದು ಸಾಲು ಇರಲಿಲ್ಲ.

ಮೇಲೆ ಹೇಳಿದ ಬೆಂಗಳೂರಿನ ಸಹೋದರನ ವಿಷಯಕ್ಕೆ ಬರೋಣ. ಕಳೆದ ತೆನೆ ಹಬ್ಬದಂದು ಬಲಿಪೂಜೆಯಾದ ಮೇಲೆ ಅವನೇ ನಮ್ಮನ್ನು ಹುಡುಕಿಕೊಂಡು ಬಂದ. ಹಿಂದಿನ ಸಂಜೆ ತಂದೆಯೊಡನೆ ಮಾತಾಡಿದ್ದನಂತೆ. “ಅಪ್ಪಾ, ತೋಟದ ವಿಷಯ ನಿಮ್ಮ ಮನಸ್ಸಿನಲ್ಲಿ ಏನಿದೆ?” ಎಂದು ಕೇಳಿದಾಗ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮ ಅಜ್ಜ ಎಷ್ಟನೇ ವಯಸ್ಸಿಗೆ ಹೋದದ್ದು ನೆನಪಿದೆಯಾ ಮಗಾ?” ಎಂದರಂತೆ. ಅಜ್ಜ 97 ವರ್ಷ ಬದುಕಿದ್ದರು. “ನಾನೂ ಅಷ್ಟು ದಿನ ಇರಬೇಕು ಅಂತ ಇದ್ದೇನೆ. ಈ ಸಲದ ಅಡಿಕೆ ದುಡ್ಡಲ್ಲಿ ನನ್ನ, ನಿನ್ನ ಅಮ್ಮನ ಔಷಧಿಗೆ ಅಂತ ಬೇರೆ ಎತ್ತಿಟ್ಟಿದ್ದೇನೆ. ನೀನು ನಿನ್ನದು ನೋಡಿಕೋ.” ತಂದೆ ಮಗ ಇಬ್ಬರೂ ಆಮೇಲೆ ನಕ್ಕುಬಿಟ್ಟರಂತೆ. ಇದನ್ನು ಹೇಳಿ ಅವನು ಜೇಬಿನಿಂದ ಅಂಚೆ ಕಚೇರಿಯ ಪಾಸ್‌ಪುಸ್ತಕವನ್ನು ತೆಗೆದು ತೋರಿಸಿದ. ಅದರಲ್ಲಿ ಎರಡು ಕಂತು ಕಟ್ಟಿತ್ತು. ಅಷ್ಟರಲ್ಲಿ ತಂದೆ ತೆನೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅವನು ಓಡಿಹೋಗಿ ಕೈ ಹಿಡಿದುಕೊಂಡ.